ವಿದ್ಯುತ್ಕಾಂತದ ಹುಟ್ಟು: 1820–1831

ವಿದ್ಯುತ್ ಹರಿಯುವ ತಂತಿಯ ಸುತ್ತಲೂ ಕಾಂತಬಲ ಇರುತ್ತದೆ. ಆ ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಬಲ ಒಂದೆಡೆ ಕೂಡಿಕೊಳ್ಳುತ್ತದೆ; ಸುರುಳಿಯ ನಡುವೆ ಮೆದು ಕಬ್ಬಿಣದ ಸರಳನ್ನಿಟ್ಟರೆ ಹಲವು ಪಟ್ಟು ಹೆಚ್ಚುತ್ತದೆ. ವಿದ್ಯುತ್ತನ್ನು ನಿಲ್ಲಿಸಿದ ಕೂಡಲೇ ಕಬ್ಬಿಣ ತನ್ನ ಕಾಂತಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಬೇಕೆಂದಾಗ ಹುಟ್ಟಿಸಿ ಬೇಡವೆಂದಾಗ ಅಳಿಸಬಹುದಾದ ಈ ಕಾಂತವೇ ವಿದ್ಯುತ್ಕಾಂತ. ಮನೆಯ ಕರೆಗಂಟೆ, ಗುಜರಿ ಕಬ್ಬಿಣ ಎತ್ತುವ ಕ್ರೇನು, ರಿಲೇ, ಧ್ವನಿವರ್ಧಕ, ಮೋಟಾರು, ಆಸ್ಪತ್ರೆಯ ಎಂಆರ್‌ಐ ಯಂತ್ರ ಇವೆಲ್ಲವೂ ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಇದನ್ನು ಕಟ್ಟಲು ಬೇಕಾದ ತಾಮ್ರದ ತಂತಿ, ಕಬ್ಬಿಣ, ಸತು, ರೇಷ್ಮೆ ನೂಲು ಎಲ್ಲವೂ ಹಳೆಯ ಸಾಮಾನುಗಳೇ. ಬ್ಯಾಟರಿಯೂ 1800ರಲ್ಲೇ ಬಂದಿತ್ತು. ಆದರೂ ವಿದ್ಯುತ್ತಿಗೂ ಕಾಂತಕ್ಕೂ ಇರುವ ನಂಟು ಬಯಲಾದದ್ದು 1820ರಲ್ಲಿ. ಯಾವುದೇ ಬಲ ಎರಡು ವಸ್ತುಗಳನ್ನು ಕೂಡಿಸುವ ನೇರ ಗೆರೆಯಲ್ಲೇ ಎಳೆಯಬೇಕು ಇಲ್ಲವೇ ತಳ್ಳಬೇಕು ಎಂಬ ನಂಬಿಕೆ ಈ ತಡಕ್ಕೆ ದೊಡ್ಡ ಕಾರಣ. ತಂತಿಯ ಬಲ ನೇರವಾಗಿ ಹೋಗದೆ ತಂತಿಯನ್ನು ಸುತ್ತುತ್ತದೆ ಎಂದು ತಿಳಿದ ಮೇಲೆ ಮುಂದಿನ ಹೆಜ್ಜೆಗಳು ಒಂದರ ಹಿಂದೊಂದು ಬಂದವು. ಹನ್ನೊಂದು ವರ್ಷಗಳಲ್ಲಿ ವಿದ್ಯುತ್ಕಾಂತವೂ ಸಿದ್ಧವಾಯಿತು, ಕಾಂತದಿಂದ ವಿದ್ಯುತ್ ಪಡೆಯುವ ದಾರಿಯೂ ಸಿಕ್ಕಿತು.

ಬೇರೆ ಬೇರೆ ಎಂದುಕೊಂಡಿದ್ದ ಎರಡು ಗುಣಗಳು

ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಕಾಂತವನ್ನು ಕುರಿತು ಲ್ಯಾಟಿನ್‌ನಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದ. ಭೂಮಿಯೇ ಒಂದು ಕಾಂತ, ದಿಕ್ಸೂಚಿ ಉತ್ತರಕ್ಕೆ ನಿಲ್ಲುವುದು ಅದರಿಂದಲೇ ಎಂದು ತೋರಿಸಿದ್ದು ಈ ಗ್ರಂಥ. ಉಜ್ಜಿದ ರಾಳಮಣಿ ಹುಲ್ಲುಕಡ್ಡಿಯನ್ನು ಎಳೆಯುವುದು ಒಂದು ಬಗೆ, ಸೂಜಿಗಲ್ಲು ಕಬ್ಬಿಣವನ್ನು ಎಳೆಯುವುದು ಇನ್ನೊಂದು ಬಗೆ ಎಂದು ಗಿಲ್ಬರ್ಟ್ ಖಚಿತವಾಗಿ ಬೇರ್ಪಡಿಸಿದ. ಮೊದಲನೆಯದು ಯಾವ ಹಗುರ ವಸ್ತುವನ್ನಾದರೂ ಎಳೆಯುತ್ತದೆ, ತೇವ ತಾಗಿದರೆ ಕುಗ್ಗುತ್ತದೆ. ಎರಡನೆಯದು ಕಬ್ಬಿಣಕ್ಕೆ ಸೀಮಿತ, ಅದಕ್ಕೆ ಎರಡು ಧ್ರುವಗಳಿವೆ. ಆ ಕಾಲಕ್ಕೆ ಈ ವಿಂಗಡಣೆ ಸರಿಯಾದದ್ದೇ ಆಗಿತ್ತು.

1785ರಲ್ಲಿ ಫ್ರಾನ್ಸಿನ ಕೂಲಂಬ್ ವಿದ್ಯುದಾವೇಶಗಳ ನಡುವಿನ ಬಲವನ್ನೂ ಕಾಂತಧ್ರುವಗಳ ನಡುವಿನ ಬಲವನ್ನೂ ಅಳೆದ. ಎರಡೂ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತಿದ್ದವು. ನಿಯಮ ಒಂದೇ ಬಗೆಯದಾದರೂ ವಿದ್ಯುತ್ತು ಒಂದು ದ್ರವ, ಕಾಂತಗುಣ ಬೇರೊಂದು ದ್ರವ, ಒಂದು ಇನ್ನೊಂದರ ಮೇಲೆ ಕೆಲಸ ಮಾಡದು ಎಂಬುದೇ ಕೂಲಂಬನ ನಿಲುವು. ಪ್ಯಾರಿಸ್ಸಿನ ವಿದ್ವಾಂಸರಿಗೆ ಮುಂದಿನ ಮೂವತ್ತೈದು ವರ್ಷ ಅದು ಒಪ್ಪಿತ ಮಾತಾಗಿತ್ತು.

ಇದಕ್ಕೆ ಹೊಂದದ ಸುಳಿವುಗಳೂ ಇದ್ದವು. ಸಿಡಿಲು ಬಡಿದ ಹಡಗುಗಳ ದಿಕ್ಸೂಚಿ ಉತ್ತರ ದಕ್ಷಿಣ ಅದಲುಬದಲಾದದ್ದನ್ನು ನಾವಿಕರು ಕಂಡಿದ್ದರು. 1730ರ ದಶಕದಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್‌ನ ಒಬ್ಬ ವ್ಯಾಪಾರಿಯ ಮನೆಗೆ ಸಿಡಿಲು ಬಡಿದಾಗ ಪೆಟ್ಟಿಗೆಯಲ್ಲಿದ್ದ ಚಾಕು, ಮುಳ್ಳುಚಮಚಗಳು ಕಾಂತಗಳಾದ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುದಾವೇಶವನ್ನು ಕೂಡಿಡುವ ಲೇಡನ್ ಜಾಡಿಯ ಕಿಡಿ ಹಾಯಿಸಿ ಸೂಜಿಗಳನ್ನು ಕಾಂತವಾಗಿಸಿದ್ದ. ಆದರೆ ಸಿಡಿಲೂ ಕಿಡಿಯೂ ಕ್ಷಣದಲ್ಲಿ ಮುಗಿದುಹೋಗುವಂಥವು. ಪರೀಕ್ಷೆ ಮಾಡಲು ಎಡೆಬಿಡದೆ ಹರಿಯುವ ವಿದ್ಯುತ್ತು ಬೇಕಿತ್ತು.

ಅದನ್ನು ಕೊಟ್ಟವನು ಇಟಲಿಯ ಅಲೆಸಾಂಡ್ರೊ ವೋಲ್ಟಾ. ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿದ ಕಂಬದಿಂದ ವಿದ್ಯುತ್ತು ಎಡೆಬಿಡದೆ ಬರುತ್ತದೆಂದು ಆತ 1800ರ ಮಾರ್ಚ್‌ನಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನಲ್ಲಿ ಇದೇ ಕಂಬದ ನೆರವಿನಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. ಕಾಂತಸೂಜಿಯ ಮೇಲೆ ಇದನ್ನು ಪ್ರಯೋಗಿಸಿ ನೋಡಿದವರೂ ಇದ್ದರು. ಅವರಲ್ಲಿ ಹಲವರು ಬ್ಯಾಟರಿಯ ಎರಡು ತುದಿಗಳನ್ನು ತಂತಿಯಿಂದ ಸೇರಿಸದೆ, ವಿದ್ಯುತ್ತು ಹರಿಯದ ಸ್ಥಿತಿಯಲ್ಲೇ ಸೂಜಿಯನ್ನು ಹತ್ತಿರ ತಂದರು. ಹರಿಯುವ ವಿದ್ಯುತ್ತಿನಿಂದ ಮಾತ್ರ ಸೂಜಿ ಕದಲುವುದರಿಂದ ಅವರಿಗೆ ಏನೂ ಕಾಣಲಿಲ್ಲ.

ಕೋಪನ್‌ಹೇಗನ್, 1820

ಹ್ಯಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಡೆನ್ಮಾರ್ಕಿನ ಲಾಂಗ್‌ಲ್ಯಾಂಡ್ ದ್ವೀಪದಲ್ಲಿ 1777ರಲ್ಲಿ ಹುಟ್ಟಿದ. ತಂದೆ ಔಷಧ ತಯಾರಿಸಿ ಮಾರುವವನು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಪ್ರಾಧ್ಯಾಪಕನಾದ ಈತನ ಮೇಲೆ ಕಾಂಟ್ ಮತ್ತು ಶೆಲಿಂಗರ ತತ್ತ್ವಚಿಂತನೆಯ ಪ್ರಭಾವ ಗಾಢವಾಗಿತ್ತು. ಪ್ರಕೃತಿಯ ಶಕ್ತಿಗಳೆಲ್ಲ ಮೂಲದಲ್ಲಿ ಒಂದೇ ಎಂದು ನಂಬಿದ್ದ ಓರ್ಸ್ಟೆಡ್, ವಿದ್ಯುತ್ತು ಕಾಂತದ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ಪರೀಕ್ಷಿಸಬೇಕೆಂದು 1812ರಷ್ಟು ಹಿಂದೆಯೇ ಬರೆದಿದ್ದ.

ಪರೀಕ್ಷೆ ನಡೆದದ್ದು 1820ರ ವಸಂತದಲ್ಲಿ, ಒಂದು ಪಾಠದ ನಡುವೆ. ತಂತಿ ಕಾದು ಕೆಂಪಾದಾಗ ಬೆಳಕು, ಶಾಖಗಳು ಹೊರಬೀಳುವ ಹಾಗೆ ಕಾಂತಗುಣವೂ ಹೊರಬೀಳಬಹುದೆಂದು ಊಹಿಸಿ ಆತ ತೆಳುವಾದ ಪ್ಲಾಟಿನಂ ತಂತಿಯನ್ನು ಆರಿಸಿಕೊಂಡಿದ್ದ. ತಂತಿಯ ಕೆಳಗಿದ್ದ ದಿಕ್ಸೂಚಿಯ ಸೂಜಿ ತುಸು ಅಲುಗಿತು. ತೆಳು ತಂತಿಯಲ್ಲಿ ವಿದ್ಯುತ್ತು ಕಡಿಮೆ ಹರಿಯುವುದರಿಂದ ಚಲನೆ ಎಷ್ಟು ಕ್ಷೀಣವಾಗಿತ್ತೆಂದರೆ ಸಭಿಕರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಓರ್ಸ್ಟೆಡ್ ಕೂಡ ಮೂರು ತಿಂಗಳು ಅದನ್ನು ಮುಂದುವರಿಸಲಿಲ್ಲ.

ಜುಲೈಯಲ್ಲಿ ದೊಡ್ಡ ಬ್ಯಾಟರಿಯೊಂದನ್ನು ಕಟ್ಟಿಸಿದ. ಒಂದಡಿ ಉದ್ದ, ಒಂದಡಿ ಎತ್ತರದ ಇಪ್ಪತ್ತು ತಾಮ್ರದ ತೊಟ್ಟಿಗಳು. ಒಳಗೆ ಸತುವಿನ ತಗಡುಗಳು. ನೀರಿಗೆ ಸ್ವಲ್ಪ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲ. ಈ ಬಾರಿ ತಂತಿ ಕಾಯಬೇಕಾದ ಅಗತ್ಯವೇ ಇಲ್ಲವೆಂದೂ ದಪ್ಪ ತಂತಿಯಲ್ಲೇ ಪರಿಣಾಮ ಹೆಚ್ಚೆಂದೂ ಗೊತ್ತಾಯಿತು. ಉತ್ತರ ದಕ್ಷಿಣವಾಗಿ ನಿಂತ ಸೂಜಿಯ ಮೇಲೆ ಮುಕ್ಕಾಲು ಅಂಗುಲ ಎತ್ತರದಲ್ಲಿ ಅದೇ ದಿಕ್ಕಿಗೆ ತಂತಿ ಹಿಡಿದಾಗ ಸೂಜಿ ಸುಮಾರು 45 ಡಿಗ್ರಿ ತಿರುಗಿ ನಿಂತಿತು. ತಂತಿಯನ್ನು ಸೂಜಿಯ ಕೆಳಗೆ ಒಯ್ದರೆ ಸೂಜಿ ಎದುರು ದಿಕ್ಕಿಗೆ ತಿರುಗಿತು. ವಿದ್ಯುತ್ತಿನ ದಿಕ್ಕನ್ನು ಬದಲಿಸಿದರೂ ಹಾಗೆಯೇ ಆಯಿತು. ನಡುವೆ ಗಾಜು, ಲೋಹ, ಮರ, ಕಲ್ಲು, ನೀರು ಏನಿಟ್ಟರೂ ಪರಿಣಾಮ ತಡೆಯಲಿಲ್ಲ. ಹಿತ್ತಾಳೆಯ ಸೂಜಿ, ಗಾಜಿನ ಸೂಜಿ, ಅರಗಿನ ಸೂಜಿ ಮಾತ್ರ ಮಿಸುಕಲಿಲ್ಲ.

ಮೇಲೆ ಒಂದು ಕಡೆಗೆ, ಕೆಳಗೆ ಇನ್ನೊಂದು ಕಡೆಗೆ ತಿರುಗುವ ಸೂಜಿ ಹೇಳುತ್ತಿದ್ದ ಅರ್ಥ ಒಂದೇ: ಬಲ ತಂತಿಯನ್ನು ಬಳಸಿ ವೃತ್ತಾಕಾರವಾಗಿ ಇದೆ. ಬಲಗೈಯ ಹೆಬ್ಬೆರಳನ್ನು ವಿದ್ಯುತ್ತು ಹರಿಯುವ ದಿಕ್ಕಿಗೆ ಚಾಚಿ ಉಳಿದ ಬೆರಳುಗಳನ್ನು ಮಡಿಸಿದರೆ, ಬೆರಳುಗಳು ಸುತ್ತುವ ದಿಕ್ಕೇ ಕಾಂತಬಲದ ದಿಕ್ಕು ಎಂದು ಇಂದಿನ ಪಠ್ಯಪುಸ್ತಕಗಳು ಹೇಳುತ್ತವೆ. ತಂತಿಯನ್ನು ಸೂಜಿಗೆ ಅಡ್ಡಲಾಗಿ, ಪೂರ್ವ ಪಶ್ಚಿಮವಾಗಿ ಹಿಡಿದರೆ ಅದರ ಬಲ ಉತ್ತರ ದಕ್ಷಿಣ ರೇಖೆಯಲ್ಲೇ ಬೀಳುತ್ತದೆ. ಸೂಜಿ ಇದ್ದಲ್ಲೇ ಇರುತ್ತದೆ, ಇಲ್ಲವೇ ಬಲ ಬಹಳ ಹೆಚ್ಚಿದ್ದರೆ ತಿರುಗುಮುರುಗಾಗುತ್ತದೆ. ಬಲ ನೇರವಾಗಿಯೇ ಬರಬೇಕೆಂದು ಎದುರು ನೋಡಿ ತಂತಿಯನ್ನು ಹೀಗೆ ಅಡ್ಡಲಾಗಿ ಇಟ್ಟವನಿಗೆ ಏನೂ ಸಿಗುತ್ತಿರಲಿಲ್ಲ.

1820ರ ಜುಲೈ 21ರಂದು ಓರ್ಸ್ಟೆಡ್ ಈ ಫಲಿತಾಂಶಗಳನ್ನು ಲ್ಯಾಟಿನ್‌ನಲ್ಲಿ ನಾಲ್ಕು ಪುಟಗಳ ಕರಪತ್ರವಾಗಿ ಅಚ್ಚು ಹಾಕಿಸಿ ಯುರೋಪಿನ ವಿದ್ವಾಂಸರಿಗೂ ಅಕಾಡೆಮಿಗಳಿಗೂ ಕಳಿಸಿದ. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ, ಒಂದು ಸಮೀಕರಣವೂ ಇರಲಿಲ್ಲ.

ಪ್ಯಾರಿಸ್‌ನ ಸೆಪ್ಟೆಂಬರ್

ಫ್ರಾನ್ಸಿನ ವಿಜ್ಞಾನಿ ಫ್ರಾನ್ಸ್ವಾ ಅರಾಗೊ ಓರ್ಸ್ಟೆಡ್‌ನ ಪ್ರಯೋಗವನ್ನು ಜಿನೀವಾದಲ್ಲಿ ಕಣ್ಣಾರೆ ಕಂಡು ಸೆಪ್ಟೆಂಬರ್ 4ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ವರದಿ ಮಾಡಿದ. ಕೂಲಂಬನ ಮಾತಿನಲ್ಲಿ ನಂಬಿಕೆಯಿಟ್ಟಿದ್ದ ಸದಸ್ಯರು ಸುಲಭವಾಗಿ ಒಪ್ಪಲಿಲ್ಲ. ಸೆಪ್ಟೆಂಬರ್ 11ರಂದು ಅರಾಗೊ ಅವರ ಎದುರಿಗೇ ಪ್ರಯೋಗ ಮಾಡಿ ತೋರಿಸಿದ. ಸಭೆಯಲ್ಲಿ ಆಂದ್ರೆ ಮರೀ ಆಂಪಿಯರ್ ಇದ್ದ. ಗಣಿತದ ಪ್ರಾಧ್ಯಾಪಕನಾಗಿದ್ದ ಆತನಿಗೆ ಆಗ 45 ವರ್ಷ. ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 18ರಂದು, ಆತ ತನ್ನ ಮೊದಲ ಪ್ರಬಂಧ ಓದಿದ.

ಆಂಪಿಯರನ ಯೋಚನೆ ಹೀಗಿತ್ತು: ತಂತಿ ಕಾಂತದಂತೆ ವರ್ತಿಸುವುದಾದರೆ, ಕಾಂತದ ಒಳಗೆ ಇರುವುದೂ ಸುತ್ತುವ ವಿದ್ಯುತ್ತೇ ಏಕಾಗಬಾರದು? ಹಾಗಿದ್ದರೆ ಕಾಂತವೇ ಇಲ್ಲದೆ ಬರಿಯ ಎರಡು ತಂತಿಗಳ ನಡುವೆಯೂ ಬಲ ಇರಬೇಕು. ಸೆಪ್ಟೆಂಬರ್ 25ರಂದು ಇದನ್ನು ಅಕಾಡೆಮಿಯಲ್ಲಿ ತೋರಿಸಿದ. ಸಮಾಂತರವಾಗಿ ತೂಗುಹಾಕಿದ ಎರಡು ತಂತಿಗಳಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿದಾಗ ಅವು ಹತ್ತಿರ ಬಂದವು, ಎದುರುಬದುರು ಹರಿದಾಗ ದೂರ ಸರಿದವು. ಆವೇಶಗಳಲ್ಲಿ ಸಜಾತಿಗಳು ದೂಡಿಕೊಳ್ಳುತ್ತವೆ. ಇಲ್ಲಿ ಒಂದೇ ದಿಕ್ಕಿನವು ಸೆಳೆದುಕೊಳ್ಳುತ್ತಿದ್ದವು. ನಿಂತ ವಿದ್ಯುತ್ತಿನ ನಿಯಮ ಹರಿಯುವ ವಿದ್ಯುತ್ತಿಗೆ ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ದಿನ ಅರಾಗೊ ಇನ್ನೊಂದು ಸಂಗತಿ ಹೇಳಿದ. ವಿದ್ಯುತ್ತು ಹರಿಯುವ ತಾಮ್ರದ ತಂತಿಗೆ ಕಬ್ಬಿಣದ ರಜ ಅಂಟಿಕೊಳ್ಳುತ್ತದೆ. ವಿದ್ಯುತ್ತು ನಿಂತರೆ ಉದುರಿ ಬೀಳುತ್ತದೆ. ಸೂಜಿಯನ್ನು ಸುರುಳಿಯ ಒಳಗಿಟ್ಟರೆ ಪರಿಣಾಮ ಹೆಚ್ಚೀತೆಂದು ಸೂಚಿಸಿದವನು ಆಂಪಿಯರ್. ಹಾಗೆ ಮಾಡಿದಾಗ ಉಕ್ಕಿನ ಸೂಜಿ ಗಟ್ಟಿಯಾಗಿ ಕಾಂತವಾಯಿತು. ಸುರುಳಿಯ ಪ್ರತಿಯೊಂದು ಸುತ್ತಿನ ಬಲವೂ ಒಳಗಡೆ ಒಂದೇ ದಿಕ್ಕಿಗೆ ಸೇರುತ್ತದೆ. ಅದರಿಂದಲೇ ಸುತ್ತುಗಳು ಹೆಚ್ಚಿದಷ್ಟೂ, ವಿದ್ಯುತ್ತು ಹೆಚ್ಚಿದಷ್ಟೂ ಬಲ ಹೆಚ್ಚು. ಇಂಥ ಸುರುಳಿಗೆ ಸೊಲೆನಾಯ್ಡ್ ಎಂಬ ಹೆಸರು ಕೊಟ್ಟವನೂ ಆಂಪಿಯರನೇ. ತೂಗುಹಾಕಿದ ಸೊಲೆನಾಯ್ಡ್ ದಿಕ್ಸೂಚಿಯ ಹಾಗೆ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಅದರ ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ.

ಅಕ್ಟೋಬರ್ 30ರಂದು ಬಿಯೊ ಮತ್ತು ಸವಾರ್ ಉದ್ದನೆಯ ನೇರ ತಂತಿಯಿಂದ ದೂರ ಹೋದಂತೆ ಬಲ ದೂರಕ್ಕೆ ವಿಲೋಮವಾಗಿ ಕುಗ್ಗುತ್ತದೆಂದು ಅಳತೆಯಿಂದ ತೋರಿಸಿದರು. ದೂರ ಇಮ್ಮಡಿಯಾದರೆ ಬಲ ಅರ್ಧ. ಜರ್ಮನಿಯ ಹಾಲೆಯಲ್ಲಿ ಶ್ವೈಗರ್ ಅದೇ ಸೆಪ್ಟೆಂಬರಿನಲ್ಲಿ ತಂತಿಯನ್ನು ಸೂಜಿಯ ಮೇಲೆ ಕೆಳಗೆ ಅನೇಕ ಸಲ ಸುತ್ತಿ, ಸಣ್ಣ ವಿದ್ಯುತ್ತನ್ನೂ ಗುರುತಿಸಬಲ್ಲ ಸಾಧನ ಮಾಡಿದ. ಗ್ಯಾಲ್ವನೋಮೀಟರ್ ಬೆಳೆದುಬಂದದ್ದು ಇಂಥ ಸಾಧನಗಳಿಂದಲೇ. ಆಂಪಿಯರನ ಆರು ವರ್ಷಗಳ ಗಣಿತ 1826ರ ಸುಮಾರಿಗೆ ಒಂದು ಗ್ರಂಥವಾಗಿ ಮುಗಿಯಿತು. ಕಾಂತದ ಕಣಕಣದಲ್ಲೂ ಚಿಕ್ಕ ವಿದ್ಯುತ್ ಸುಳಿಗಳಿವೆ ಎಂಬ ಆತನ ಊಹೆಗೆ, ಇಲೆಕ್ಟ್ರಾನಿನ ಪರಿಚಯವಾದ ಮೇಲೆ, ಇಪ್ಪತ್ತನೆಯ ಶತಮಾನದಲ್ಲಿ ತಕ್ಕ ಆಧಾರ ಸಿಕ್ಕಿತು.

ತಿರುಗುವ ತಂತಿ

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಸಹಾಯಕನಾಗಿದ್ದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕೈಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತವನು. ಗಣಿತ ಅಷ್ಟಾಗಿ ತಿಳಿಯದ ಕಾರಣ ಆಂಪಿಯರನ ಸಮೀಕರಣಗಳು ಈತನಿಗೆ ದಾರಿ ತೋರಲಿಲ್ಲ. ಓರ್ಸ್ಟೆಡ್ ಹೇಳಿದ ವೃತ್ತವನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಬಲ ತಂತಿಯನ್ನು ಸುತ್ತುವುದು ನಿಜವಾದರೆ, ತಡೆಯಿಲ್ಲದ ಕಾಂತಧ್ರುವ ತಂತಿಯ ಸುತ್ತ ಸುತ್ತಬೇಕಲ್ಲವೇ?

1821ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆತ ಪಾದರಸ ತುಂಬಿದ ಬಟ್ಟಲಿನ ನಡುವೆ ಕಾಂತವೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಸಡಿಲವಾಗಿ ಇಳಿಬಿಟ್ಟ ತಂತಿಯ ತುದಿ ಪಾದರಸದಲ್ಲಿ ಮುಳುಗುವಂತೆ ಮಾಡಿದ. ವಿದ್ಯುತ್ತು ಹರಿಸಿದೊಡನೆ ತಂತಿ ಕಾಂತವನ್ನು ಸುತ್ತತೊಡಗಿತು. ಬ್ಯಾಟರಿ ಇರುವವರೆಗೂ ನಿಲ್ಲಲಿಲ್ಲ. ತಂತಿಯನ್ನು ಬಿಗಿದು ಕಾಂತವನ್ನು ಸಡಿಲ ಬಿಟ್ಟರೆ ಕಾಂತ ತಂತಿಯನ್ನು ಸುತ್ತಿತು. ವಿದ್ಯುತ್ತಿನಿಂದ ಎಡೆಬಿಡದ ಚಲನೆ ಸಿಕ್ಕಿದ್ದು ಇದೇ ಮೊದಲು. ಇದು ಯಾವ ಕೆಲಸವನ್ನೂ ಮಾಡಲಾರದ ಪ್ರಯೋಗಶಾಲೆಯ ಆಟಿಕೆಯಾದರೂ ವಿದ್ಯುತ್ ಮೋಟಾರಿನ ತತ್ತ್ವ ಪೂರ್ಣವಾಗಿ ಇದರಲ್ಲಿತ್ತು.

ಸ್ಟರ್ಜನ್‌ನ ಲಾಳ

ಇಲ್ಲಿಯವರೆಗೆ ಸುರುಳಿಯ ಒಳಗಿಡುತ್ತಿದ್ದದ್ದು ಹೆಚ್ಚಾಗಿ ಉಕ್ಕಿನ ಸೂಜಿ. ಉಕ್ಕು ಒಮ್ಮೆ ಕಾಂತವಾದರೆ ಕಾಂತವಾಗಿಯೇ ಉಳಿಯುತ್ತದೆ. ಮೆದು ಕಬ್ಬಿಣದ ದಪ್ಪ ಸರಳನ್ನು ಒಳಗಿಟ್ಟು, ಬೇಕೆಂದಾಗ ಎತ್ತುವ ಬೇಡವೆಂದಾಗ ಬಿಡುವ ಸಾಧನ ಮಾಡಿದವನು ವಿಲಿಯಂ ಸ್ಟರ್ಜನ್. 1783ರಲ್ಲಿ ಲ್ಯಾಂಕಶೈರಿನಲ್ಲಿ ಹುಟ್ಟಿದ ಈತ ಚಿಕ್ಕಂದಿನಲ್ಲಿ ಚಮ್ಮಾರನ ಬಳಿ ಕೆಲಸಕ್ಕಿದ್ದ. ಆಮೇಲೆ ಸೈನ್ಯ ಸೇರಿ ಫಿರಂಗಿ ದಳದಲ್ಲಿ ಸಿಪಾಯಿಯಾದ. ಗಣಿತ, ಭಾಷೆ, ವಿಜ್ಞಾನ ಕಲಿತದ್ದು ಅಲ್ಲಿ, ಸ್ವಂತ ಪ್ರಯತ್ನದಿಂದ. ನಿವೃತ್ತನಾಗಿ ವುಲಿಚ್‌ನಲ್ಲಿ ನೆಲೆಸಿ, 1824ರಿಂದ ಅಡ್ಡಿಸ್ಕೋಂಬ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ. ಭಾರತಕ್ಕೆ ಬರುತ್ತಿದ್ದ ಕಂಪನಿಯ ಅನೇಕ ಅಧಿಕಾರಿಗಳು ತರಬೇತಿ ಪಡೆಯುತ್ತಿದ್ದ ಶಾಲೆಯದು.

ಪಾಠ ಹೇಳುವವನಿಗೆ ಎದುರಾಗುವ ತೊಂದರೆಯೇ ಸ್ಟರ್ಜನ್‌ನ ಕೆಲಸಕ್ಕೆ ಪ್ರೇರಣೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕಾಣುವಷ್ಟು ಪರಿಣಾಮ ಬೇಕಾದರೆ ಭಾರಿ ಬ್ಯಾಟರಿ ಬೇಕಾಗುತ್ತಿತ್ತು. ಕಾಂತದ ಕಡೆಯ ಬಲ ಹೆಚ್ಚಿಸಿದರೆ ಬ್ಯಾಟರಿಯನ್ನು ಚಿಕ್ಕದಾಗಿಸಬಹುದೆಂದು ಆತ ಯೋಚಿಸಿದ. ಸುಮಾರು ಒಂದಡಿ ಉದ್ದ, ಅರ್ಧ ಅಂಗುಲ ದಪ್ಪದ ಮೆದು ಕಬ್ಬಿಣದ ಸರಳನ್ನು ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿ, ವಿದ್ಯುತ್ತು ಕಬ್ಬಿಣಕ್ಕೆ ಸೋರದಂತೆ ಮೇಲೆ ವಾರ್ನಿಷ್ ಬಳಿದ. ಅದರ ಮೇಲೆ ಬರಿಯ ತಾಮ್ರದ ತಂತಿಯನ್ನು, ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ಬಿಡಿಬಿಡಿಯಾಗಿ, 18 ಸುತ್ತು ಸುತ್ತಿದ. ತಂತಿಯ ತುದಿಗಳು ಪಾದರಸದ ಬಟ್ಟಲುಗಳಲ್ಲಿ ಅದ್ದಿದ್ದವು. ಸುಮಾರು 200 ಗ್ರಾಂ ತೂಕದ ಈ ಲಾಳ ಒಂದೇ ವಿದ್ಯುತ್ಕೋಶದ ಬಲದಿಂದ 9 ಪೌಂಡ್, ಅಂದರೆ 4 ಕಿಲೋ ಎತ್ತಿತು. ತಂತಿಯ ತುದಿಯನ್ನು ಪಾದರಸದಿಂದ ಮೇಲೆತ್ತಿದರೆ ತೂಕ ಕೆಳಗೆ ಬೀಳುತ್ತಿತ್ತು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1825ರಲ್ಲಿ ಇದಕ್ಕೆ ಬೆಳ್ಳಿ ಪದಕವನ್ನೂ 30 ಗಿನಿಗಳನ್ನೂ ಕೊಟ್ಟಿತು.

ಲಾಳದ ಆಕಾರಕ್ಕೂ ಕಾರಣವಿದೆ. ನೇರ ಸರಳಿನಲ್ಲಿ ಎರಡು ಧ್ರುವಗಳು ಎರಡು ಕಡೆಗಿದ್ದು ಒಂದು ಮಾತ್ರ ಎತ್ತುವ ಕೆಲಸಕ್ಕೆ ಬರುತ್ತದೆ. ಬಗ್ಗಿಸಿದಾಗ ಎರಡೂ ಒಂದೇ ಕಡೆಗೆ ಬಂದು ಅಡ್ಡಕಬ್ಬಿಣವನ್ನು ಒಟ್ಟಿಗೆ ಹಿಡಿಯುತ್ತವೆ. ಬಲ ಗಾಳಿಯಲ್ಲಿ ಹರಡದೆ ಕಬ್ಬಿಣದಲ್ಲೇ ಒಂದು ಸುತ್ತು ಪೂರೈಸುತ್ತದೆ. ಕಬ್ಬಿಣದೊಳಗೆ ತಾವೇ ಕಾಂತವಾಗಿರುವ ಸಣ್ಣ ಸಣ್ಣ ವಲಯಗಳಿರುತ್ತವೆ. ಸಾಮಾನ್ಯವಾಗಿ ಅವು ದಿಕ್ಕಾಪಾಲಾಗಿರುವುದರಿಂದ ಒಂದರ ಬಲ ಇನ್ನೊಂದರಿಂದ ರದ್ದಾಗುತ್ತದೆ. ಸುರುಳಿಯ ಬಲ ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಕಬ್ಬಿಣದ ಸ್ವಂತ ಬಲವೂ ಕೂಡಿಕೊಳ್ಳುತ್ತದೆ. ಎಲ್ಲ ವಲಯಗಳೂ ತಿರುಗಿದ ಮೇಲೆ ಕಬ್ಬಿಣದಿಂದ ಹೆಚ್ಚಿನ ಲಾಭವಿಲ್ಲ. ಉಕ್ಕಿನಲ್ಲಿ ಈ ವಲಯಗಳು ತಿರುಗಿದಲ್ಲೇ ಸಿಕ್ಕಿಕೊಳ್ಳುತ್ತವೆ, ಮೆದು ಕಬ್ಬಿಣದಲ್ಲಿ ಹಿಂದಿನ ಸ್ಥಿತಿಗೆ ಮರಳುತ್ತವೆ.

ಆಲ್ಬನಿಯ ಮೇಷ್ಟರು

ಸ್ಟರ್ಜನ್‌ನ ಬರಿಯ ತಂತಿಗೆ ಒಂದು ಮಿತಿಯಿತ್ತು. ಸುತ್ತುಗಳು ಒಂದಕ್ಕೊಂದು ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಸುತ್ತುವ ಕೆಲಸವೇ ತಪ್ಪುತ್ತದೆ. ಅದನ್ನು ದಾಟಿದವನು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜೋಸೆಫ್ ಹೆನ್ರಿ. ಬಡತನದಲ್ಲಿ ಬೆಳೆದು 1826ರಲ್ಲಿ ಆಲ್ಬನಿ ಅಕಾಡೆಮಿಯಲ್ಲಿ ಗಣಿತದ ಅಧ್ಯಾಪಕನಾದ ಹೆನ್ರಿಗೆ ದಿನಕ್ಕೆ ಏಳು ಗಂಟೆ ಪಾಠವಿರುತ್ತಿತ್ತು. ದೊಡ್ಡ ಪ್ರಯೋಗಗಳಿಗೆ ಜಾಗ ಸಿಗುತ್ತಿದ್ದದ್ದು ಮಕ್ಕಳಿಗೆ ರಜೆಯಿರುವ ಆಗಸ್ಟ್‌ನಲ್ಲಿ ಮಾತ್ರ.

ಹೆನ್ರಿ ಕಬ್ಬಿಣದ ಬದಲು ತಂತಿಗೇ ಹೊದಿಕೆ ಹಾಕಿದ. ತಾಮ್ರದ ತಂತಿಗೆ ಉದ್ದಕ್ಕೂ ರೇಷ್ಮೆ ಸುತ್ತಿದ ಮೇಲೆ ಅದನ್ನು ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಸುತ್ತಬಹುದಾಯಿತು. ಶ್ವೈಗರನ ಸುರುಳಿಯ ತತ್ತ್ವವನ್ನು ಸ್ಟರ್ಜನ್‌ನ ಲಾಳಕ್ಕೆ ಅನ್ವಯಿಸಿದ್ದು ಎಂದು ಹೆನ್ರಿಯೇ ಇದನ್ನು ವಿವರಿಸಿದ್ದಾನೆ. ಆತನ ಮೊದಲ ಕಾಂತಗಳಲ್ಲೊಂದಕ್ಕೆ 35 ಅಡಿ ತಂತಿಯನ್ನು ಸುಮಾರು 400 ಸುತ್ತು ಸುತ್ತಲಾಗಿತ್ತು.

ಸುತ್ತು ಹೆಚ್ಚಿಸುತ್ತ ಹೋದಂತೆ ತಂತಿ ಉದ್ದವಾಗುತ್ತದೆ, ಅದರಲ್ಲಿ ಹರಿಯುವ ವಿದ್ಯುತ್ತು ಕುಗ್ಗುತ್ತದೆ. ಹೆನ್ರಿ ಇದಕ್ಕೆ ಎರಡು ಪರಿಹಾರ ಕಂಡುಕೊಂಡ. ದೊಡ್ಡ ತಗಡಿನ ಒಂದೇ ಕೋಶವಿದ್ದಾಗ ಉದ್ದನೆಯ ಒಂದು ಸುರುಳಿಯ ಬದಲು ಗಿಡ್ಡವಾದ ಹಲವು ಸುರುಳಿಗಳನ್ನು ಸುತ್ತಿ, ಎಲ್ಲವನ್ನೂ ಬೇರೆ ಬೇರೆಯಾಗಿ ಆ ಕೋಶಕ್ಕೆ ಜೋಡಿಸುವುದು ಒಂದು. ಉದ್ದನೆಯ ಒಂದೇ ಸುರುಳಿಯಿದ್ದಾಗ ಅನೇಕ ಕೋಶಗಳನ್ನು ಸಾಲಾಗಿ ಜೋಡಿಸಿ ವಿದ್ಯುತ್ತಿನ ಒತ್ತಡ ಹೆಚ್ಚಿಸುವುದು ಇನ್ನೊಂದು. ಜರ್ಮನಿಯಲ್ಲಿ ಓಮ್ 1827ರಲ್ಲೇ ಪ್ರಕಟಿಸಿದ್ದ ನಿಯಮ ಇದನ್ನೇ ಹೇಳುತ್ತದೆ: ವಿದ್ಯುತ್ ಪ್ರವಾಹವೆಂದರೆ ಒತ್ತಡವನ್ನು ರೋಧದಿಂದ ಭಾಗಿಸಿದಷ್ಟು. ಹೆನ್ರಿಗೆ ಓಮ್‌ನ ಕೃತಿಯ ಪರಿಚಯವಿರಲಿಲ್ಲ. ಸುರುಳಿಗಳನ್ನು ಒಂದೊಂದಾಗಿ ಜೋಡಿಸಿ, ಬಿಚ್ಚಿ, ತೂಕ ತೂಗಿ ಅದೇ ತೀರ್ಮಾನಕ್ಕೆ ಬಂದ.

ಮೊದಲ ವಿಧಾನದಲ್ಲಿ 21 ಪೌಂಡ್ ಕಬ್ಬಿಣದ ಲಾಳಕ್ಕೆ ತಲಾ 60 ಅಡಿಯ ಒಂಬತ್ತು ಸುರುಳಿಗಳನ್ನು ಸುತ್ತಿ ಮಾಡಿದ ಕಾಂತ 750 ಪೌಂಡ್, ಅಂದರೆ ಸುಮಾರು 340 ಕಿಲೋ ಎತ್ತಿತು. ಇದರ ವರದಿ 1831ರ ಜನವರಿಯಲ್ಲಿ ಸಿಲಿಮನ್‌ನ ಅಮೆರಿಕನ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಯೇಲ್ ಕಾಲೇಜಿಗಾಗಿ ಕಟ್ಟಿದ, 27 ಕಿಲೋ ತೂಕದ ಕಾಂತ 2,000 ಪೌಂಡಿಗೂ ಹೆಚ್ಚು, ಅಂದರೆ 900 ಕಿಲೋ ಮೀರಿ ಎತ್ತಿತು. ಸ್ಟರ್ಜನ್‌ನ 4 ಕಿಲೋದಿಂದ ಇಲ್ಲಿಗೆ ಬರಲು ಹಿಡಿದದ್ದು ಆರೇ ವರ್ಷ.

ಎರಡನೆಯ ವಿಧಾನದ ಫಲ ಇದಕ್ಕಿಂತ ದೂರ ಹೋಯಿತು. ಇಂಗ್ಲೆಂಡಿನ ಪೀಟರ್ ಬಾರ್ಲೊ 1825ರಲ್ಲಿ 200 ಅಡಿ ತಂತಿಯಲ್ಲೇ ವಿದ್ಯುತ್ತಿನ ಪರಿಣಾಮ ಬಹಳ ಕುಗ್ಗುವುದನ್ನು ಕಂಡು, ವಿದ್ಯುತ್ತಿನ ಮೂಲಕ ದೂರಕ್ಕೆ ಸಂದೇಶ ಕಳಿಸುವುದು ಆಗದ ಮಾತು ಎಂದು ತೀರ್ಮಾನಿಸಿದ್ದ. ಹೆನ್ರಿ ಸಾಲು ಕೋಶಗಳ ಬ್ಯಾಟರಿಯಿಂದ 1,060 ಅಡಿ ತಂತಿಯ ಆಚೆ ಕಾಂತವನ್ನು ಕೆಲಸ ಮಾಡಿಸಿದ. ಬಳಿಕ ಅಕಾಡೆಮಿಯ ಕೋಣೆಯೊಂದರ ಗೋಡೆಗುಂಟ ಮೈಲಿಗೂ ಹೆಚ್ಚು ಉದ್ದದ ತಂತಿಯನ್ನು ಸುತ್ತಿಸಿ, ಕೊನೆಯಲ್ಲಿ ಉದ್ದ ಸುರುಳಿಯ ಲಾಳವನ್ನಿಟ್ಟ. ಅದರ ಧ್ರುವಗಳ ನಡುವೆ ತಿರುಗುವಂತೆ ಕೂರಿಸಿದ ಕಾಂತದ ಸರಳು, ಬ್ಯಾಟರಿ ಜೋಡಿಸಿದ ಕೂಡಲೇ ಹೊರಳಿ ಗಂಟೆಯನ್ನು ಬಾರಿಸುತ್ತಿತ್ತು. ಸ್ಯಾಮ್ಯುಯೆಲ್ ಮೋರ್ಸ್ ಮೊದಲು ಕಟ್ಟಿದ ತಂತಿ ಸಂದೇಶದ ಯಂತ್ರ ಉದ್ದ ತಂತಿಯಲ್ಲಿ ಕೆಲಸ ಮಾಡದೆ ಹೋದಾಗ, ನೆರವಾದದ್ದು ಹೆನ್ರಿಯ 1831ರ ಲೇಖನವನ್ನು ಓದಿದ್ದ ಸಹೋದ್ಯೋಗಿ ಲಿಯೊನಾರ್ಡ್ ಗೇಲ್. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೋರ್ಸ್‌ನ ತಂತಿ ಸಂದೇಶ ಹೋಯಿತು. ಭಾರತದಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವಿನ ತಂತಿ ಮಾರ್ಗ 1851ರಲ್ಲಿ ಕೆಲಸ ಆರಂಭಿಸಿತು.

ಪ್ರಶ್ನೆಯನ್ನು ತಿರುಗಿಸಿದಾಗ

ವಿದ್ಯುತ್ತಿನಿಂದ ಕಾಂತ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಹುಟ್ಟಬೇಕಲ್ಲವೇ ಎಂಬ ಪ್ರಶ್ನೆ 1820ರಿಂದಲೇ ಎಲ್ಲರ ತಲೆಯಲ್ಲಿತ್ತು. ತಂತಿಯ ಪಕ್ಕದಲ್ಲಿ ಕಾಂತ ಇಟ್ಟರೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆಂದು ಎಲ್ಲರೂ ನಿರೀಕ್ಷಿಸಿದರು. ಫ್ಯಾರಡೆ 1820ರ ದಶಕದಲ್ಲಿ ಹಲವು ಬಾರಿ ಪ್ರಯತ್ನಿಸಿ ಸೋತ. 1825ರಲ್ಲಿ ಜಿನೀವಾದ ಕೊಲಡಾನ್ ದೊಡ್ಡ ಕಾಂತವನ್ನು ಸುರುಳಿಯೊಳಗೆ ತೂರಿಸಿದ. ಕಾಂತ ನೇರವಾಗಿ ಸೂಜಿಯನ್ನು ಎಳೆಯಬಾರದೆಂಬ ಎಚ್ಚರದಿಂದ ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದ. ಕಾಂತವನ್ನು ತೂರಿಸಿ ಆ ಕೋಣೆಗೆ ಹೋಗಿ ನೋಡುವಷ್ಟರಲ್ಲಿ ಸೂಜಿ ಅಲುಗಿ ಮತ್ತೆ ಸ್ವಸ್ಥಾನಕ್ಕೆ ಬಂದಿರುತ್ತಿತ್ತು.

ಇನ್ನೊಂದು ಒಗಟನ್ನು ಅರಾಗೊ 1824ರಲ್ಲಿ ಮುಂದಿಟ್ಟಿದ್ದ. ತಾಮ್ರದ ತಟ್ಟೆಯನ್ನು ಕಾಂತಸೂಜಿಯ ಕೆಳಗೆ ತಿರುಗಿಸಿದರೆ ಸೂಜಿಯೂ ಅದರ ಹಿಂದೆ ತಿರುಗುತ್ತದೆ. ತಾಮ್ರಕ್ಕೆ ಕಾಂತಗುಣವಿಲ್ಲ, ನಿಂತ ತಟ್ಟೆ ಸೂಜಿಯನ್ನು ಎಳೆಯುವುದೂ ಇಲ್ಲ. ಇದಕ್ಕೆ ಏಳು ವರ್ಷ ಸರಿಯಾದ ವಿವರಣೆ ಸಿಗಲಿಲ್ಲ.

1831ರ ಆಗಸ್ಟ್ 29ರಂದು ಫ್ಯಾರಡೆ ಮೆದು ಕಬ್ಬಿಣದ ಒಂದು ಉಂಗುರವನ್ನು ಕೈಗೆತ್ತಿಕೊಂಡ. ಅದರ ಹೊರ ಅಗಲ ಆರು ಅಂಗುಲ, ಕಬ್ಬಿಣದ ದಪ್ಪ ಒಂದು ಅಂಗುಲಕ್ಕೆ ತುಸು ಕಡಿಮೆ. ಒಂದು ಅರ್ಧಕ್ಕೆ ಒಂದು ಸುರುಳಿ, ಇನ್ನೊಂದು ಅರ್ಧಕ್ಕೆ ಇನ್ನೊಂದು. ಸುತ್ತುಗಳ ನಡುವೆ ದಾರ, ಪದರಗಳ ನಡುವೆ ಹತ್ತಿಬಟ್ಟೆ. ಎರಡನೆಯ ಸುರುಳಿಯ ತಂತಿ ಮೂರು ಅಡಿ ದೂರದಲ್ಲಿದ್ದ ಕಾಂತಸೂಜಿಯ ಮೇಲೆ ಹಾಯುತ್ತಿತ್ತು. ಮೊದಲ ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಅಲುಗಿ, ಓಲಾಡಿ, ಮೊದಲಿನ ಸ್ಥಾನಕ್ಕೆ ಬಂದು ನಿಂತಿತು. ಬ್ಯಾಟರಿ ಹಾಗೆಯೇ ಇದ್ದರೂ ಮತ್ತೆ ಕದಲಲಿಲ್ಲ. ಬ್ಯಾಟರಿ ತೆಗೆದ ಕ್ಷಣ ಇನ್ನೊಮ್ಮೆ ಅಲುಗಿತು.

ಅಲುಗಾಟ ಕ್ಷಣಿಕವಾದದ್ದೇ ಇಲ್ಲಿನ ಮುಖ್ಯ ಸಂಗತಿ. ಕಾಂತಬಲ ಇರುವುದರಿಂದ ಏನೂ ಆಗದು. ಅದು ಹೆಚ್ಚುವಾಗ ಇಲ್ಲವೇ ಕಡಿಮೆಯಾಗುವಾಗ ಮಾತ್ರ ವಿದ್ಯುತ್ತು ಹುಟ್ಟುತ್ತದೆ; ಇದಕ್ಕೆ ಪ್ರೇರಣೆ ಎಂದು ಹೆಸರು. ಅಕ್ಟೋಬರ್ 17ರಂದು ಫ್ಯಾರಡೆ ಕಾಗದದ ಕೊಳವೆಗೆ ಸುತ್ತಿದ ಸುರುಳಿಯೊಳಗೆ ಕಾಂತದ ಸರಳನ್ನು ರಭಸದಿಂದ ತೂರಿಸಿದ. ಸೂಜಿ ಒಂದು ಕಡೆಗೆ ಹಾರಿತು. ಹೊರಗೆಳೆದಾಗ ಇನ್ನೊಂದು ಕಡೆಗೆ ಹಾರಿತು. ಅಕ್ಟೋಬರ್ 28ರಂದು ರಾಯಲ್ ಸೊಸೈಟಿಯ ದೊಡ್ಡ ಕಾಂತದ ಧ್ರುವಗಳ ನಡುವೆ ಹನ್ನೆರಡು ಅಂಗುಲ ಅಗಲದ ತಾಮ್ರದ ತಟ್ಟೆಯನ್ನು ತಿರುಗಿಸಿ, ಅದರ ಅಂಚಿನಿಂದಲೂ ನಡುವಿನಿಂದಲೂ ತಂತಿ ಎಳೆದಾಗ ವಿದ್ಯುತ್ತು ನಿಲ್ಲದೆ ಬಂತು. ಅರಾಗೊನ ಒಗಟೂ ಇದರಿಂದಲೇ ಬಗೆಹರಿಯಿತು: ತಿರುಗುವ ತಾಮ್ರದಲ್ಲಿ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತಿನ ಕಾಂತಬಲ ಸೂಜಿಯನ್ನು ಎಳೆಯುತ್ತದೆ. ನವೆಂಬರ್ 24ರಂದು ಈ ಫಲಿತಾಂಶಗಳನ್ನು ರಾಯಲ್ ಸೊಸೈಟಿಯಲ್ಲಿ ಓದಲಾಯಿತು.

ಆಲ್ಬನಿಯಲ್ಲಿ ಹೆನ್ರಿಯೂ ತನ್ನ ದೊಡ್ಡ ಕಾಂತದಿಂದ ಇದೇ ಪ್ರೇರಣೆಯನ್ನು ಸ್ವತಂತ್ರವಾಗಿ ಕಂಡಿದ್ದ. ಆದರೆ ಆತನ ಲೇಖನ ಬಂದದ್ದು 1832ರ ಜುಲೈಯಲ್ಲಿ. ಉದ್ದ ಸುರುಳಿಯಿಂದ ಬ್ಯಾಟರಿ ಬಿಡಿಸುವಾಗ ದೊಡ್ಡ ಕಿಡಿ ಹಾರುವುದನ್ನೂ ಅದರಲ್ಲಿ ವರದಿ ಮಾಡಿದ. ಸುರುಳಿ ತನ್ನಲ್ಲಿನ ಬದಲಾವಣೆಗೆ ತಾನೇ ಒಡ್ಡುವ ಈ ಪ್ರತಿರೋಧಕ್ಕೆ ಸ್ವಯಂಪ್ರೇರಣೆ ಎಂದು ಹೆಸರು. ಅದರ ಅಳತೆಯ ಮಾನಕ್ಕೆ ಹೆನ್ರಿಯ ಹೆಸರನ್ನೇ ಇಡಲಾಗಿದೆ. ಪ್ರೇರಿತ ವಿದ್ಯುತ್ತು ಯಾವಾಗಲೂ ತನ್ನ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನು ವಿರೋಧಿಸುವ ದಿಕ್ಕಿಗೇ ಹರಿಯುತ್ತದೆ ಎಂದು ರಷ್ಯದ ಲೆನ್ಸ್ 1834ರಲ್ಲಿ ನಿಯಮ ಮಾಡಿದ. ಕಾಂತವನ್ನು ಸುರುಳಿಯೊಳಗೆ ತೂರಿಸುವ ಕೈಗೆ ಅಡ್ಡಿ ಎದುರಾಗುವುದು ಇದೇ ಕಾರಣಕ್ಕೆ. ಆ ಅಡ್ಡಿಯ ಎದುರು ಕೈ ಮಾಡುವ ದುಡಿಮೆಯೇ ವಿದ್ಯುತ್ತಾಗಿ ಹೊರಬರುತ್ತದೆ.

ಪ್ರಯೋಗದಿಂದ ಯಂತ್ರಕ್ಕೆ

ತಂತಿಯ ಮತ್ತು ಕಾಂತದ ಸುತ್ತಲಿನ ಅವಕಾಶವೇ ಬಲರೇಖೆಗಳಿಂದ ತುಂಬಿದೆ, ತಂತಿ ಈ ರೇಖೆಗಳನ್ನು ಕತ್ತರಿಸಿದಾಗ ವಿದ್ಯುತ್ತು ಹುಟ್ಟುತ್ತದೆ ಎಂಬುದು ಫ್ಯಾರಡೆಯ ಕಲ್ಪನೆ. ಗಣಿತಜ್ಞರು ಇದನ್ನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಅದಕ್ಕೆ ಸಮೀಕರಣಗಳ ರೂಪ ಕೊಟ್ಟ. ವಿದ್ಯುತ್ತು ಮತ್ತು ಕಾಂತ ಒಂದೇ ಕ್ಷೇತ್ರದ ಎರಡು ಮುಖಗಳೆಂದೂ ಬೆಳಕು ಆ ಕ್ಷೇತ್ರದ ಅಲೆಯೆಂದೂ ಆ ಸಮೀಕರಣಗಳಿಂದ ಹೊರಬಿತ್ತು.

ಯಂತ್ರಗಳು ಸಿದ್ಧಾಂತಕ್ಕಾಗಿ ಕಾಯಲಿಲ್ಲ. ಪ್ಯಾರಿಸ್ಸಿನ ಪಿಕ್ಸಿ 1832ರಲ್ಲೇ ಕಾಂತವನ್ನು ಕೈಯಿಂದ ತಿರುಗಿಸಿ ವಿದ್ಯುತ್ತು ಪಡೆಯುವ ಯಂತ್ರ ಕಟ್ಟಿದ. ಹೆನ್ರಿಯ ಮಾದರಿಯ ಕಾಂತವೊಂದನ್ನು ಕೊಂಡ ವರ್ಮಾಂಟ್‌ನ ಕಮ್ಮಾರ ಥಾಮಸ್ ಡೆವನ್‌ಪೋರ್ಟ್ 1837ರಲ್ಲಿ ವಿದ್ಯುತ್ ಮೋಟಾರಿಗೆ ಅಮೆರಿಕದ ಪೇಟೆಂಟ್ ಪಡೆದ. ಆದರೆ ಬ್ಯಾಟರಿಯ ವಿದ್ಯುತ್ತು ದುಬಾರಿಯಾಗಿತ್ತು. ಸತುವನ್ನು ಕರಗಿಸಿ ಯಂತ್ರ ಓಡಿಸುವುದಕ್ಕಿಂತ ಕಲ್ಲಿದ್ದಲು ಸುಟ್ಟು ಉಗಿಯಂತ್ರ ಓಡಿಸುವುದೇ ಅಗ್ಗ. ಪಿಕ್ಸಿಯ ಮಾದರಿಯ ಯಂತ್ರಗಳಿಗೆ ಉಕ್ಕಿನ ಕಾಂತಗಳ ಬಲ ಸಾಲುತ್ತಿರಲಿಲ್ಲ.

1866–67ರಲ್ಲಿ ಜರ್ಮನಿಯ ವರ್ನರ್ ಸೀಮನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಮತ್ತು ವಾರ್ಲಿ ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ಜನರೇಟರಿನ ಉಕ್ಕಿನ ಕಾಂತ ತೆಗೆದು ವಿದ್ಯುತ್ಕಾಂತ ಕೂರಿಸುವುದು, ಅದಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಜನರೇಟರಿನಿಂದ ಕೊಡುವುದು. ವಿದ್ಯುತ್ತು ನಿಂತ ಮೇಲೂ ಕಬ್ಬಿಣದಲ್ಲಿ ತುಸು ಕಾಂತಗುಣ ಉಳಿದಿರುತ್ತದೆ. ಯಂತ್ರ ತಿರುಗಿದಾಗ ಆ ಅಲ್ಪ ಬಲದಿಂದ ಅಲ್ಪ ವಿದ್ಯುತ್ತು ಹುಟ್ಟಿ ಸುರುಳಿಗೆ ಹರಿಯುತ್ತದೆ, ಕಾಂತ ಬಲಗೊಳ್ಳುತ್ತದೆ, ವಿದ್ಯುತ್ತು ಇನ್ನಷ್ಟು ಹೆಚ್ಚುತ್ತದೆ. ಕಬ್ಬಿಣದ ಮಿತಿ ಮುಟ್ಟುವವರೆಗೂ ಹೀಗೆಯೇ ಏರುತ್ತದೆ. ಡೈನಮೊ ಎಂದು ಹೆಸರಾದ ಈ ಯಂತ್ರದಿಂದ ವಿದ್ಯುತ್ತು ಅಗ್ಗವಾಯಿತು. ಅದರಿಂದ ಮೋಟಾರು ಕಾರ್ಖಾನೆಗೆ ಬಂತು.

ಮೂರು ದಶಕಗಳ ನಂತರ ಮೈಸೂರು ಸಂಸ್ಥಾನ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರ ಕಟ್ಟಿತು. 1902ರ ಜೂನ್‌ನಲ್ಲಿ ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ಮಾರ್ಗದ ಒಂದು ಕೊನೆಯಲ್ಲಿ ನೀರಿನ ರಭಸ ಕಾಂತಕ್ಷೇತ್ರದಲ್ಲಿ ಚಲನೆ ಉಂಟುಮಾಡಿ ವಿದ್ಯುತ್ತು ಹುಟ್ಟಿಸುತ್ತಿತ್ತು; ಇದು 1831ರ ಪ್ರೇರಣೆ. ಇನ್ನೊಂದು ಕೊನೆಯಲ್ಲಿ, ಗಣಿಯ ಮೋಟಾರುಗಳಲ್ಲಿ, ಸುರುಳಿಯ ವಿದ್ಯುತ್ತು ಕಬ್ಬಿಣವನ್ನು ಕಾಂತವಾಗಿಸಿ ಅಚ್ಚನ್ನು ತಿರುಗಿಸುತ್ತಿತ್ತು. ಇದು 1820ರಲ್ಲಿ ಸೂಜಿಯನ್ನು ತಿರುಗಿಸಿದ ಬಲ. ವಿದ್ಯುತ್ ಜಾಲಗಳು ಎಷ್ಟೇ ಬೆಳೆದಿದ್ದರೂ ಈ ಎರಡು ತತ್ತ್ವಗಳ ಮೇಲೆಯೇ ಇಂದಿಗೂ ನಿಂತಿವೆ.